ಒಂಬತ್ತನೆಯ ಕಾರ್ಡು

ಫೆಬ್ರವರಿ 3, ಸೋಮವಾರ

ಕೊನೆಗೂ ಒಂದು ಸಿನಿಮಾ ಸಿಕ್ಕಿತು. ನಾಲ್ಕು ವರ್ಷ ಧಾರಾವಾಹಿಗಳ ಕೊನೆಯಲ್ಲಿ ಯಾರೂ ಓದದ ಹೆಸರುಗಳನ್ನು ಕೆಳಗಿನಿಂದ ಮೇಲಕ್ಕೆ ಓಡಿಸಿ ಓಡಿಸಿ, ನಾನು ಅಕ್ಷರ ಬರೆದು ಬದುಕುವವನು ಎನ್ನುವುದೇ ಮರೆತುಹೋಗಿತ್ತು. ಇದು ಥ್ರಿಲ್ಲರ್. ಮೊದಲ ಎರಡು ನಿಮಿಷ ಹತ್ತು ಸೆಕೆಂಡು, ಹನ್ನೆರಡು ಕಾರ್ಡು, ಎಲ್ಲ ನನ್ನ ಕೈಯಲ್ಲಿ. ಪರದೆಯ ಮೇಲೆ ಒಂದು ಸಲಕ್ಕೆ ಬಂದು ಹೋಗುವ ಹೆಸರಿಗೆ ನಾವು ಕಾರ್ಡು ಎನ್ನುತ್ತೇವೆ.

ಕೆಲಸ ಕೊಡಿಸಿದವಳು ಅಕ್ಕ. ಚಿತ್ರದ ಎಡಿಟರ್ ಅವಳೇ. ಒಂಬತ್ತು ತಿಂಗಳಿಂದ ಅದರ ಮುಂದೆ ಕೂತು ಕತ್ತು ಹಾಳುಮಾಡಿಕೊಂಡಿದ್ದಾಳೆ. ಇವತ್ತು ಕಂಪನಿಯ ಎಡಿಟಿಂಗ್ ಕೋಣೆಗೆ ಕರೆಸಿ ಮೊದಲ ದೃಶ್ಯ ತೋರಿಸಿದಳು. ಆ ದೃಶ್ಯದ ಮಟ್ಟಿಗೆ ಅವಳ ಕೆಲಸ ಮುಗಿದಿತ್ತು. ಹೆಸರು ಕೂರಿಸುವುದೊಂದೇ ಬಾಕಿ.

ಏಳು ಮಹಡಿಯ ಕಟ್ಟಡ. ಲಿಫ್ಟ್ ಕೆಟ್ಟಿದೆ. ಒಬ್ಬ ಹೆಂಗಸು ದೊಡ್ಡ ಸೂಟ್‌ಕೇಸನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಬರುತ್ತಾಳೆ. ಮಹಡಿಗೆ ಎರಡು ಬಾಗಿಲು, ಎಲ್ಲ ಮುಚ್ಚಿವೆ. ಮೂರನೆಯ ಮಹಡಿಯಲ್ಲಿ ಮಾತ್ರ ಎಡಗಡೆಯ ಬಾಗಿಲು ನಾಲ್ಕು ಬೆರಳಷ್ಟು ತೆರೆದಿದೆ. ಆ ಸಂದಿಯಲ್ಲಿ ಒಂದು ಕೈ ಕಾಣಿಸಿ ಒಳಗೆ ಸರಿಯುತ್ತದೆ. ಹೆಬ್ಬೆರಳಿಗೆ ಬ್ಯಾಂಡೇಜು. ಅರ್ಧ ಸೆಕೆಂಡು ಇದ್ದೀತು. ಕೊಲೆಗಾರ ಯಾರು ಎನ್ನುವುದಕ್ಕೆ ಇಡೀ ಚಿತ್ರದಲ್ಲಿ ಅದೊಂದೇ ಗುರುತು.

"ಹೆಸರು ಎಲ್ಲಿ ಹಾಕ್ತೀಯೋ ಸೊಟ್ಟ?" ಎಂದಳು ಅಕ್ಕ. ಚಿಕ್ಕವನಿದ್ದಾಗ ನನ್ನ ಅಕ್ಷರ ಸೊಟ್ಟಗಿತ್ತು. ಆ ಹೆಸರು ಇನ್ನೂ ಹೋಗಿಲ್ಲ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಹಿಂದೆ ಮೆಟ್ಟಿಲಿನ ಸದ್ದು ಮಾತ್ರ ಎಂದೆ.

"ಹಾಗೆ ಮಾಡಿದ್ರೆ ಜನ ಸೀಟು ಹುಡುಕ್ತಾ ಇರ್ತಾರೆ. ಹೆಸರು ಓದೋ ಕಣ್ಣು ಬೇರೆ ಏನೂ ನೋಡಲ್ಲ ಕಣೋ. ಆ ಕೈ ಬರೋ ಹೊತ್ತಿಗೆ ಸರಿಯಾಗಿ ಬಲಗಡೆ ಒಂದು ಹೆಸರು ಬರಲಿ. ಜನ ಓದ್ತಾ ಇರ್ತಾರೆ, ಎಡಗಡೆ ಕೈ ಬಂದು ಹೋಗಿರುತ್ತೆ. ಕೊನೇಲಿ ಗೊತ್ತಾದಾಗ, ಕಣ್ಣೆದುರಿಗೇ ಇತ್ತಲ್ಲ ಅಂತ ಹೊಟ್ಟೆ ಉರ್ಕೋಬೇಕು."

"ಯಾರ ಹೆಸರು ಹಾಕ್ಲಿ ಅಲ್ಲಿ?"

"ನನ್ನದೇ ಹಾಕು. ಬಚ್ಚಿಡೋ ಕೆಲಸ ನನ್ನದು ತಾನೆ."

ಲೆಕ್ಕ ಹಾಕಿದರೆ ಎಡಿಟರ್ ಹೆಸರು ಒಂಬತ್ತನೆಯದು. ಮೂರನೆಯ ಮಹಡಿಗೆ ಸರಿಯಾಗಿ ಬರುತ್ತದೆ. ಇಬ್ಬರೂ ನಕ್ಕೆವು. ನಗುವಾಗ ಅವಳು ಕತ್ತು ಹಿಡಿದುಕೊಂಡಳು.

ಫೆಬ್ರವರಿ 12, ಬುಧವಾರ

ಅಕ್ಕನಿಗೆ ಕತ್ತಿನ ಆಪರೇಷನ್ ಆಯಿತು. ಆರು ವಾರ ಮಲಗಿರಬೇಕು, ಕುತ್ತಿಗೆಗೆ ಪಟ್ಟಿ ಬಿಗಿದಿದ್ದಾರೆ. ಎಚ್ಚರವಾದ ತಕ್ಷಣ ಕೇಳಿದ್ದು, "ಕಂಪನಿಯಿಂದ ಯಾರಾದ್ರೂ ಫೋನ್ ಮಾಡಿದ್ರಾ?" ಭಾವ ಶಾಲೆಯಲ್ಲಿ ಗಣಿತ ಹೇಳುವವರು, ಎಲ್ಲಕ್ಕೂ ನಿಧಾನ. "ಗಂಡ ಇದ್ದಾನೆ, ತಮ್ಮ ಇದ್ದಾನೆ, ಮೊದಲು ನಮ್ಮನ್ನ ನೋಡಮ್ಮ" ಎಂದರು.

ಚಿತ್ರಕ್ಕೆ ಇನ್ನೂ ಒಂದು ವಾರದ ಕೊನೆಯ ಕೈಕೆಲಸ ಇದೆಯಂತೆ. ಎದ್ದ ಮೇಲೆ ಮಾಡುತ್ತೇನೆಂದು ನಿರ್ದೇಶಕನಿಗೆ ಹೇಳಿದ್ದಾಳಂತೆ. ಅವನು ತಲೆಯಾಡಿಸಿದನಂತೆ. ಅವನು ಯಾರು ಏನು ಹೇಳಿದರೂ ತಲೆಯಾಡಿಸುತ್ತಾನೆ.

ಫೆಬ್ರವರಿ 20, ಗುರುವಾರ

ಹೆಸರುಗಳ ಪಟ್ಟಿ ಬಂತು. ಒಂಬತ್ತನೆಯ ಸಾಲು, ಸಂಕಲನ. ಮುಂದೆ ನಿರ್ಮಾಪಕರ ಅಳಿಯನ ಹೆಸರು.

ತಪ್ಪಿರಬೇಕೆಂದು ಎರಡು ಸಲ ಓದಿದೆ. ಕೊನೆಯಲ್ಲಿ ಓಡುವ ನೂರ ನಲವತ್ತು ಹೆಸರುಗಳನ್ನೂ ಬೆರಳಿಟ್ಟು ನೋಡಿದೆ. ಊಟ ತಂದುಕೊಟ್ಟವರ ಹೆಸರಿದೆ, ಬಾಡಿಗೆಗೆ ಸೂಟ್‌ಕೇಸ್ ಕೊಟ್ಟ ಅಂಗಡಿಯ ಹೆಸರಿದೆ. ಅಕ್ಕನ ಹೆಸರು ಎಲ್ಲೂ ಇಲ್ಲ.

ಈ ಅಳಿಯ ದೇವರು ಅವಳು ಆಸ್ಪತ್ರೆ ಸೇರಿದ ಮರುದಿನ ಎಡಿಟಿಂಗ್ ಕೋಣೆಗೆ ಕಾಲಿಟ್ಟವನು. ಒಂಬತ್ತು ದಿನವೂ ಆಗಿಲ್ಲ. ಅವಳ ಒಂಬತ್ತು ತಿಂಗಳು ನುಂಗಿ ನೀರು ಕುಡಿದಿದ್ದಾನೆ.

ಅಮ್ಮ ಹೋದಾಗ ನನಗೆ ಹನ್ನೊಂದು, ಅವಳಿಗೆ ಹತ್ತೊಂಬತ್ತು. ನನ್ನ ಫೀಸು, ನನ್ನ ಕುಂಚ, ನನ್ನ ಬಣ್ಣ ಎಲ್ಲ ಅವಳ ಸಂಬಳದಲ್ಲಿ ಬಂದದ್ದು. ನಾಳೆಯೇ ಹೋಗಿ ಮುಖಕ್ಕೆ ಹೊಡೆದ ಹಾಗೆ ಕೇಳುತ್ತೇನೆ. ಅಕ್ಕನ ಹೆಸರಿಲ್ಲದೆ ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಫೆಬ್ರವರಿ 21, ಶುಕ್ರವಾರ

ಕೇಳಿದೆ. ಬಿಡಲಿಲ್ಲ. ನಿರ್ಮಾಪಕರ ಕೋಣೆಯ ಹೊರಗಿನ ಕುರ್ಚಿಯ ಮೇಲೆ ಒಂದೂವರೆ ಗಂಟೆ ಕಾದು ಒಳಗೆ ಹೋದೆ. ಅವರು ಮೇಜಿನ ಮೇಲಿದ್ದ ಪೋಸ್ಟರ್ ನೋಡುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

"ಪಟ್ಟಿಯಲ್ಲಿ ಎಡಿಟರ್ ಹೆಸರು ತಪ್ಪಾಗಿದೆ ಸಾರ್."

"ಸ್ಪೆಲಿಂಗ್ ತಪ್ಪಾ?"

"ಅಲ್ಲ ಸಾರ್. ಚಿತ್ರ ಎಡಿಟ್ ಮಾಡಿದ್ದು ನಮ್ಮಕ್ಕ."

"ಶುರು ಮಾಡಿದ್ದು ನಿಮ್ಮಕ್ಕ. ಮುಗಿಸಿದ್ದು ಯಾರು? ಬಿಡುಗಡೆ ತಾರೀಖು ಯಾರ ಕತ್ತಿಗೂ ಕಾಯಲ್ಲ ಕಣ್ರೀ."

"ಇದು ಸರಿಯಲ್ಲ ಸಾರ್," ಎಂದೆ. ಸ್ಪಷ್ಟವಾಗಿ ಎಂದೆ.

ಅವರು ಆಗ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. "ನೀವು ಅಕ್ಷರ ಬರೆಯೋರೋ, ಪಟ್ಟಿ ಬರೆಯೋರೋ?" ಎಂದು ಕೇಳಿ, ಪೋಸ್ಟರನ್ನು ನನ್ನ ಕಡೆ ತಿರುಗಿಸಿದರು. "ಈ ಅಕ್ಷರ ನೋಡಿ. ಸತ್ತ ಹಾಗಿದೆ. ನೀವು ಬರೆದಿದ್ರೆ ಹೀಗಿರ್ತಿತ್ತಾ? ಇದಾದ ಮೇಲೆ ಇನ್ನೂ ಮೂರು ಚಿತ್ರ ಇದೆ ನನ್ನ ಹತ್ರ. ಟೈಟಲ್, ಪೋಸ್ಟರ್ ಎಲ್ಲ ಒಬ್ಬರೇ ಮಾಡ್ಲಿ ಅಂತ ನನ್ನ ಯೋಚನೆ. ನಿಮ್ಮಕ್ಕನಿಗೆ ನಾನೇ ಹೇಳ್ತೀನಿ. ಈಗ ಬೇಡ. ಆಪರೇಷನ್ ಆದವರು, ಮೊದಲು ಚೇತರಿಸ್ಕೊಳ್ಲಿ."

ಅದೇನೋ ನಿಜ. ಆ ಸ್ಥಿತಿಯಲ್ಲಿ ಅವಳಿಗೆ ಹೇಳುವುದು ಹೇಗೆ? ಆದರೂ ಭಾನುವಾರ ಊಟಕ್ಕೆ ಹೋದಾಗ ಹೇಳಿಬಿಡುತ್ತೇನೆ. ನಾನು ಹೇಳದೆ ಇನ್ನಾರು ಹೇಳಬೇಕು?

ಫೆಬ್ರವರಿ 23, ಭಾನುವಾರ

ಹೇಳಲಿಲ್ಲ. ಅವಳಿಗೆ ಭಾವ ಚಮಚದಲ್ಲಿ ಉಣ್ಣಿಸುತ್ತಿದ್ದರು. ಕತ್ತು ತಿರುಗಿಸಲಾಗದೆ ಚಾವಣಿ ನೋಡುತ್ತಲೇ ಕೇಳಿದಳು, "ಪಟ್ಟಿ ಬಂತೇನೋ?"

"ಇನ್ನೂ ಇಲ್ಲ" ಎಂದೆ.

ಡಾಕ್ಟರು ಮನಸ್ಸಿಗೆ ಬೇಜಾರಾಗುವ ಯಾವ ವಿಷಯವೂ ಬೇಡ ಎಂದಿದ್ದಾರೆ. ಭಾವನೇ ಹೇಳಿದರು.

ಮಾರ್ಚ್ 4, ಮಂಗಳವಾರ

ಎಂಟು ದಿನ ಬರೆಯಲಿಲ್ಲ. ಕೆಲಸ. ಎಷ್ಟು ಕಾಲವಾಗಿತ್ತು ಹೀಗೆ ಹೊಟ್ಟೆ ಹಸಿದದ್ದು ಗೊತ್ತಾಗದೆ ಕೂತು. ಒಂಬತ್ತನೆಯ ಕಾರ್ಡು ಖಾಲಿ ಬಿಟ್ಟು ಉಳಿದವನ್ನು ಮಾಡುತ್ತಿದ್ದೇನೆ. ಉಳಿದ ಹನ್ನೊಂದು ಜನ ಏನು ತಪ್ಪು ಮಾಡಿದ್ದಾರೆ?

ನಮ್ಮ ಅಕ್ಷರಗಳು ದುಂಡಗೆ, ಊಟ ಮಾಡಿ ಕೂತವರ ಹಾಗೆ. ಯಾರನ್ನೂ ಹೆದರಿಸುವುದಿಲ್ಲ. ಮೊದಲು ರಕ್ತ ಸೋರುವ ಹಾಗೆ, ಗೀರಿದ ಹಾಗೆ ಬರೆದು ನೋಡಿದೆ. ಜಾತ್ರೆಯ ಭೂತದ ಮನೆಯ ಬೋರ್ಡಿನಂತೆ ಕಂಡು ಹರಿದು ಹಾಕಿದೆ. ಆಮೇಲೆ ತಲೆಕಟ್ಟಿಗೆ ಕೈ ಹಾಕಿದೆ. ಪೂರ್ತಿ ತೆಗೆದರೆ ಓದಲಾಗುವುದಿಲ್ಲ. ಪ್ರತಿ ಹೆಸರಿನಲ್ಲೂ ಒಂದೇ ಒಂದು ಅಕ್ಷರದ ತಲೆಕಟ್ಟು ತೆಗೆದೆ, ಅಷ್ಟೇ. ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಬೇಕಾದದ್ದು ಅದೇ.

ಅಕ್ಷರದ ನಡುವಿನ ಜಾಗವನ್ನು ಮಹಡಿಯಿಂದ ಮಹಡಿಗೆ ಕೂದಲೆಳೆಯಷ್ಟು ಹೆಚ್ಚಿಸುತ್ತ ಬಂದಿದ್ದೇನೆ. ಏಳನೆಯ ಮಹಡಿಯಲ್ಲಿ ಹೆಸರು ಮನೆಯವರಂತೆ ಒತ್ತಿಕೊಂಡಿರುತ್ತದೆ, ಕೆಳಗೆ ಬರುವಷ್ಟರಲ್ಲಿ ಅಕ್ಷರ ಅಕ್ಷರಕ್ಕೆ ಪರಿಚಯವೇ ಇಲ್ಲದಂತೆ ನಿಲ್ಲುತ್ತದೆ. ಹೆಸರುಗಳು ಗೋಡೆಗೆ ಅಂಟಿವೆ. ಹೆಂಗಸು ಮುಂದೆ ಹಾದರೆ ಅವಳ ಹಿಂದೆ ಮರೆಯಾಗುತ್ತವೆ.

ನಿರ್ದೇಶಕ ಬಂದು ಮೊಟ್ಟಮೊದಲು "ಮಂಗಳವಾರ, ಬೆಳಗ್ಗೆ 6.10" ಎಂದು ಬರಲಿ ಎಂದ. ಕತೆಯ ಪ್ರಕಾರ ಅದು ನಡೆದದ್ದು ಹಿಂದಿನ ದಿನ. ಆ ಮೋಸ ಕೊನೆಯಲ್ಲಿ ಬಯಲಾಗುತ್ತದೆ. "ಪಾತ್ರ ಸುಳ್ಳು ಹೇಳಿದ್ರೆ ಜನ ಅನುಮಾನ ಪಡ್ತಾರೆ ಸಾರ್. ಪರದೆ ಮೇಲೆ ಬರೆದದ್ದನ್ನ ಯಾರೂ ಅನುಮಾನಿಸಲ್ಲ" ಎಂದ. ತಲೆಯಾಡಿಸುವವನ ತಲೆಯಲ್ಲೂ ಏನೋ ಇದೆ. ಬರೆದುಕೊಟ್ಟೆ.

ಮಾರ್ಚ್ 11, ಮಂಗಳವಾರ

ಒಂಬತ್ತನೆಯ ಜಾಗ ಖಾಲಿ ಬಿಟ್ಟರೆ ಲಯ ಸಿಗುವುದಿಲ್ಲ. ಅಳತೆಗೆಂದು ಅಳಿಯನ ಹೆಸರು ಹಾಕಿ ನೋಡಿದೆ. ಅಳತೆಗೆ ಮಾತ್ರ. ಎರಡು ಒತ್ತಕ್ಷರ ಇರುವ ಹೆಸರು, ಕೆಳಕ್ಕೆ ಚೆನ್ನಾಗಿ ಇಳಿಯುತ್ತದೆ. ನಾಳೆ ತೆಗೆದರಾಯಿತು.

ಮಾರ್ಚ್ 16, ಭಾನುವಾರ

ಅಕ್ಕ ಮೂರು ದಿನದಿಂದ ಫೋನ್ ಮಾಡುತ್ತಿದ್ದಳು. "ಮಲಗಿ ಮಲಗಿ ಸಾಕಾಗಿದೆ ಕಣೋ. ಆಗಿರೋಷ್ಟು ತಂದು ತೋರಿಸು."

ಏನು ಮಾಡಲಿ? ಇಲ್ಲ ಎಂದರೆ ಅನುಮಾನ ಬರುತ್ತದೆ, ಇದ್ದದ್ದನ್ನು ತೋರಿಸಿದರೆ ಅವಳ ಎದೆ ಒಡೆಯುತ್ತದೆ. ನಿನ್ನೆ ಬೆಳಗ್ಗೆ ಕೂತು ಇನ್ನೊಂದು ಪ್ರತಿ ಮಾಡಿದೆ. ಎಲ್ಲ ಅದೇ, ಒಂಬತ್ತನೆಯದರಲ್ಲಿ ಮಾತ್ರ ಅವಳ ಹೆಸರು. ಅವಳ ಹೆಸರು ಚಿಕ್ಕದು, ನಾಲ್ಕೇ ಅಕ್ಷರ. ಎರಡೂವರೆ ಸೆಕೆಂಡು ಸಾಕಾಯಿತು.

ಲ್ಯಾಪ್‌ಟಾಪನ್ನು ಅವಳ ಹೊಟ್ಟೆಯ ಮೇಲೆ ದಿಂಬು ಇಟ್ಟು ಏರಿಸಿದೆ. ಭಾವ ಕಿಟಕಿಯ ಪರದೆ ಎಳೆದರು. ಹೆಂಗಸು ಇಳಿಯತೊಡಗಿದಳು, ಹೆಸರುಗಳು ಬರತೊಡಗಿದವು. ಅಕ್ಕ ಉಸಿರು ಸಣ್ಣಗೆ ಮಾಡಿಕೊಂಡು ನೋಡಿದಳು. ಮೂರನೆಯ ಮಹಡಿಯಲ್ಲಿ ಅವಳ ಹೆಸರು ಬಂತು, ಹೋಯಿತು.

"ಕೈ ನೋಡಿದ್ರಾ?" ಎಂದು ಭಾವನನ್ನು ಕೇಳಿದಳು.

"ಯಾವ ಕೈ? ನಿನ್ನ ಹೆಸರು ನೋಡ್ತಿದ್ದೆ."

ಅವಳು ನಗಲಾರದೆ ನಕ್ಕಳು. ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯಿತು. ಕತ್ತಿನ ಪಟ್ಟಿಯಿಂದಾಗಿ ಒರೆಸಿಕೊಳ್ಳಲು ಆಗಲಿಲ್ಲ, ನಾನೇ ಒರೆಸಿದೆ. "ಸೊಟ್ಟ, ಇಪ್ಪತ್ತೆರಡು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು. ನನ್ನ ಹೆಸರನ್ನ ಇಷ್ಟು ಚೆನ್ನಾಗಿ ಯಾರೂ ಬರೆದಿರಲಿಲ್ಲ" ಎಂದಳು. ಎದುರು ಮನೆಯ ಟೀಚರಮ್ಮನನ್ನು ಕರೆಸಿ ಅವರಿಗೂ ತೋರಿಸಿದಳು. ಒಟ್ಟು ನಾಲ್ಕು ಸಲ ಹಾಕಿದೆ.

ಹೊರಡುವಾಗ ಭಾವ ಗೇಟಿನವರೆಗೂ ಬಂದರು. "ಒಂದು ತಿಂಗಳಾದ ಮೇಲೆ ಇವತ್ತು ಅವಳ ಮುಖ ಅರಳಿದ್ದು. ನೀನು ದೊಡ್ಡ ಉಪಕಾರ ಮಾಡಿದೆ" ಎಂದರು.

ಮಾಡಿದ್ದು ಒಳ್ಳೆಯದಕ್ಕೇ. ರೋಗಿಗೆ ಸಂತೋಷ ಕೊಡುವುದು ತಪ್ಪಾದರೆ ಇನ್ನು ಸರಿ ಯಾವುದು?

ಮಾರ್ಚ್ 19, ಬುಧವಾರ

ಒಪ್ಪಿಸಲು ಹೋದೆ. ಅಳಿಯಂದಿರು ಕಂಪನಿಯಲ್ಲೇ ಇದ್ದರು. ನಾನು ಅಂದುಕೊಂಡಂಥ ಮನುಷ್ಯ ಅಲ್ಲ. ಎದ್ದು ನಿಂತು ಕೈ ಕುಲುಕಿದರು, ಕುರ್ಚಿ ಎಳೆದು ಕೂರಿಸಿದರು. ಟೈಟಲ್ ಮುಗಿದ ಮೇಲೆ, "ತಲೆಕಟ್ಟು ಇಲ್ಲ ಅಲ್ವಾ, ಒಂದೊಂದರಲ್ಲಿ?" ಎಂದರು. ಈವರೆಗೆ ಅದನ್ನು ಕಂಡುಹಿಡಿದವರು ಅವರೊಬ್ಬರೇ. ನಿರ್ದೇಶಕನಿಗೂ ಗೊತ್ತಾಗಿರಲಿಲ್ಲ.

"ನಿಮ್ಮಕ್ಕನವರ ಕೆಲಸದ ಬಗ್ಗೆ ನನಗೆ ತುಂಬಾ ಗೌರವ," ಎಂದರು. "ನಾನೇನು ಕೇಳಿರಲಿಲ್ಲ. ಮಾವ ಹಾಕಿಸಿದ್ದು." ಮುಖದಲ್ಲಿ ನಿಜವಾದ ಸಂಕೋಚ ಇತ್ತು. ಸಂಕೋಚ ಇರುವ ಮನುಷ್ಯರ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಲು ಆಗುತ್ತದೆ?

ಆಮೇಲೆ ಅವರ ಕಾರ್ಡು ಸ್ವಲ್ಪ ಬೇಗ ಹೋಗುತ್ತದೆ ಅನ್ನಿಸುತ್ತದೆಯೇ ಎಂದು ಕೇಳಿದರು. ನೋಡಿದರೆ ಹೌದು. ಉದ್ದದ ಹೆಸರು, ಎರಡೂವರೆ ಸೆಕೆಂಡಿನಲ್ಲಿ ಓದಿ ಮುಗಿಯುವುದಿಲ್ಲ. ಓದಿ ಮುಗಿಯದಿದ್ದರೆ ಕಣ್ಣು ತಪ್ಪಿ ಎಡಕ್ಕೆ ಹೋಗಿ ಕೈಯನ್ನು ನೋಡಿಬಿಡಬಹುದು. ಮೂರು ಸೆಕೆಂಡು ಮಾಡಿದೆ. ಈಗ ಕೂತಿತು. ಇಡೀ ಟೈಟಲ್‌ನಲ್ಲಿ ಇದೇ ಒಳ್ಳೆಯ ಕಾರ್ಡು ಎನ್ನಬೇಕು.

ಅಕ್ಕನಿಗೆ ನಿರ್ಮಾಪಕರೇ ಹೇಳುತ್ತೇನೆ ಎಂದಿದ್ದಾರೆ. ಹೇಳುತ್ತಾರೆ.

ಮಾರ್ಚ್ 25, ಮಂಗಳವಾರ

ಅಕ್ಕ ಶುಕ್ರವಾರ ಮೊದಲ ದಿನವೇ ಚಿತ್ರಕ್ಕೆ ಹೋಗುತ್ತಾಳಂತೆ. ಥಿಯೇಟರಿನ ಕುರ್ಚಿ ಕತ್ತಿಗೆ ಒಳ್ಳೆಯದಲ್ಲ, ಜನಜಂಗುಳಿ, ತಳ್ಳಾಟ, ಎರಡು ವಾರ ತಡೆದು ಹೋಗು ಎಂದು ಅರ್ಧ ಗಂಟೆ ಹೇಳಿದೆ. "ಕತ್ತಿನ ಪಟ್ಟಿ ತೆಗೆದಾಯ್ತು ಕಣೋ, ನಿನಗಿಂತ ನೆಟ್ಟಗಿದ್ದೀನಿ" ಎಂದಳು. ನೆಟ್ಟಗಿದ್ದಾಳಂತೆ.

ನಿರ್ಮಾಪಕರಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಮಾರ್ಚ್ 28, ಶುಕ್ರವಾರ

ಚಿತ್ರ ಬಿಡುಗಡೆ. ನಾನು ಹೋಗಲಿಲ್ಲ, ತಲೆನೋವು. ಅಕ್ಕ ಬೆಳಗಿನ ಆಟಕ್ಕೆ ಹೋಗಿದ್ದಾಳೆ. ಮಧ್ಯಾಹ್ನದವರೆಗೂ ಫೋನ್ ಬರಲಿಲ್ಲ. ಸಂಜೆಯವರೆಗೂ ಇಲ್ಲ.

ಮೂರು ಪತ್ರಿಕೆಯವರು ಟೈಟಲ್ ಬಗ್ಗೆ ಬರೆದಿದ್ದಾರೆ ಎಂದು ನಿರ್ದೇಶಕ ಸಂದೇಶ ಕಳಿಸಿದ. ಒಬ್ಬರು "ಕುರ್ಚಿಯ ತುದಿಗೆ ತಂದು ಕೂರಿಸುವ ಎರಡು ನಿಮಿಷ" ಎಂದಿದ್ದಾರಂತೆ.

ಮಾರ್ಚ್ 29, ಶನಿವಾರ

ಹತ್ತು ಗಂಟೆಗೆ ಬಂದಳು, ಒಬ್ಬಳೇ. ಎರಡು ಮಹಡಿ ಹತ್ತಿ ಬಂದಿದ್ದಳು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಗೋಡೆಯ ಮೇಲೆ ಅಂಟಿಸಿದ್ದ ನನ್ನ ಕಾಗದಗಳನ್ನು ಒಂದೊಂದಾಗಿ ನೋಡಿದಳು. ಅಳಿಯಂದಿರ ಹೆಸರು ಬರೆದು ಬರೆದು ನೋಡಿದ ಹಾಳೆ ಅಲ್ಲೇ ಇತ್ತು, ತೆಗೆಯುವುದು ಮರೆತಿದ್ದೆ.

"ಯಾವಾಗ ಗೊತ್ತಾಯ್ತು ನಿನಗೆ?"

"ಫೆಬ್ರವರಿ ಇಪ್ಪತ್ತಕ್ಕೆ ಪಟ್ಟಿ ಬಂತು. ಮಾರನೇ ದಿನವೇ ಹೋಗಿ ಜಗಳ ಆಡ್ದೆ ಅಕ್ಕ. ಮುಖದ ಮೇಲೇ ಹೇಳ್ದೆ."

"ಹೇಳಿ?"

"ಅವರು ಕೇಳ್ಲಿಲ್ಲ."

"ಮತ್ತೆ ಭಾನುವಾರ ಬಂದು ನನ್ನ ಹೆಸರು ತೋರಿಸ್ದೆ."

"ನಿನಗೆ ಬೇಜಾರಾಗ್ಬಾರ್ದು ಅಂತ. ನಿನ್ನ ಸ್ಥಿತಿ ಹಾಗಿತ್ತು."

ಅವಳು ತಲೆ ಅಲ್ಲಾಡಿಸಲಿಲ್ಲ, ಇನ್ನೂ ಅಲ್ಲಾಡಿಸಲು ಬರುವುದಿಲ್ಲ. ಇಡೀ ದೇಹ ತಿರುಗಿಸಿ ನನ್ನ ಕಡೆ ನಿಂತಳು. "ನಿನ್ನೆ ಟೀಚರಮ್ಮನ್ನೂ ಕರ್ಕೊಂಡು ಹೋಗಿದ್ದೆ. ಪಕ್ಕದಲ್ಲಿ ಕೂತು, ನೋಡಿ ಈಗ ಬರುತ್ತೆ ಅಂತ ಅವರ ಕೈ ಹಿಡ್ಕೊಂಡಿದ್ದೆ."

ನಾನು ಗೋಡೆಯ ಮೇಲಿದ್ದ ಆ ಹಾಳೆಯನ್ನು ಕಿತ್ತು ಮಡಚಿದೆ.

"ನನ್ನ ಹೆಸರಿಗೆ ಎರಡೂವರೆ ಸೆಕೆಂಡು ಇಟ್ಟಿದ್ದೆ," ಎಂದಳು. "ಅವನದಕ್ಕೆ ಮೂರು."

"ಅದು ಉದ್ದದ ಹೆಸರು ಅಕ್ಕ. ಓದೋಕೆ ಸಮಯ ಬೇಕು. ನಿನಗೇ ಗೊತ್ತಲ್ಲ."

"ಗೊತ್ತು. ಚೆನ್ನಾಗಿ ಕೂತಿದೆ."

ಇಳಿದು ಹೋದಳು. ಜೊತೆಗೆ ಕೆಳಗಿನವರೆಗೂ ಬರುತ್ತೇನೆ ಎಂದರೆ ಬೇಡ ಎಂದಳು. ಮೆಟ್ಟಿಲಿಳಿಯುವ ಸದ್ದು ತುಂಬ ಹೊತ್ತು ಕೇಳಿಸಿತು, ಪ್ರತಿ ಮೆಟ್ಟಿಲಿಗೂ ನಿಲ್ಲುತ್ತಿದ್ದಳು.

ಸೆಕೆಂಡಿನ ವಿಷಯ ಮನಸ್ಸಿಗೆ ಕೊರೆಯುತ್ತಿದೆ. ಅಕ್ಷರದ ಲೆಕ್ಕಕ್ಕೆ ನೋಡಿದರೆ ನಾನು ಮಾಡಿದ್ದೇ ಸರಿ. ಎಡಿಟರ್ ಆಗಿ ಅವಳೇ ಒಪ್ಪಬೇಕು. ಒಪ್ಪಿದಳೂ ಕೂಡ.

ಏಪ್ರಿಲ್ 10, ಗುರುವಾರ

ಎಡಿಟರುಗಳ ಸಂಘದಿಂದ ಪತ್ರ. ಅಕ್ಕ ದೂರು ಕೊಟ್ಟಿದ್ದಾಳೆ. ಚಿತ್ರ ತನ್ನದು, ಹೆಸರು ಬೇಕು, ಮುಂದಿನ ಪ್ರತಿಗಳಲ್ಲಾದರೂ ತಿದ್ದಬೇಕು ಎಂದು. ಹದಿನೇಳಕ್ಕೆ ವಿಚಾರಣೆ. ನನ್ನನ್ನು ಸಾಕ್ಷಿ ಎಂದು ಬರೆದಿದ್ದಾಳೆ. ನನ್ನನ್ನು ಕೇಳದೆ.

ಅವಳು ಕೆಲಸ ಮಾಡಿದ ಕಂಪ್ಯೂಟರು ಕಂಪನಿಯದು. ಅದರಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗಿದೆಯಂತೆ. ನಿರ್ದೇಶಕ ಚಿತ್ರೀಕರಣ ಎಂದು ಊರು ಬಿಟ್ಟಿದ್ದಾನೆ. ಮೊದಲ ದೃಶ್ಯ ಅವಳ ಕೈಯಲ್ಲಿ ಮುಗಿದದ್ದನ್ನು ಕಣ್ಣಾರೆ ಕಂಡ ಹೊರಗಿನವನು ನಾನೊಬ್ಬನೇ.

ಮಧ್ಯಾಹ್ನ ನಿರ್ಮಾಪಕರಿಂದ ಫೋನ್ ಬಂತು. ಸಂಘದ ವಿಷಯ ಎತ್ತಲೇ ಇಲ್ಲ. ಮುಂದಿನ ಚಿತ್ರದ ಹೆಸರು ಹೇಳಿದರು, ಅಕ್ಷರ ಯೋಚಿಸಿ ಎಂದರು. ಮೂರು ಕಾಗದ ಆಗಲೇ ಗೀಚಿದ್ದೇನೆ.

ಏಪ್ರಿಲ್ 17, ಗುರುವಾರ

ಸಂಘದ ಕೋಣೆ ಚಿಕ್ಕದು. ಉದ್ದದ ಮೇಜು, ಎರಡು ಫ್ಯಾನು, ಒಂದು ತಿರುಗುತ್ತದೆ. ಅಕ್ಕ, ಭಾವ ಒಂದು ಕಡೆ. ಕಂಪನಿಯ ಮ್ಯಾನೇಜರು ಇನ್ನೊಂದು ಕಡೆ. ಯಾವ ಕಡೆ ಕೂರಬೇಕೆಂದು ತಿಳಿಯದೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತೆ.

ಕಾರ್ಯದರ್ಶಿ ವಯಸ್ಸಾದವರು, ಮಾತು ಮೆತ್ತಗೆ. "ಫೆಬ್ರವರಿ ಮೂರರಂದು ಎಡಿಟಿಂಗ್ ಕೋಣೆಯಲ್ಲಿ ಮೊದಲ ದೃಶ್ಯ ನೋಡಿದ್ರಿ ಅಂತ ಇವರು ಬರೆದಿದ್ದಾರೆ. ನೋಡಿದ್ರಾ?"

"ನೋಡಿದೆ."

"ಆಗಲೇ ಅದು ಮುಗಿದಿತ್ತಾ? ಈಗ ಚಿತ್ರದಲ್ಲಿ ಇರೋ ಹಾಗೇ ಇತ್ತಾ?"

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದರು. ಭಾವ ನನ್ನನ್ನೇ ನೋಡುತ್ತಿದ್ದರು. ಅಕ್ಕ ಮೇಜು ನೋಡುತ್ತಿದ್ದಳು.

"ಕಚ್ಚಾ ರೂಪದಲ್ಲಿತ್ತು ಅನ್ಸುತ್ತೆ," ಎಂದೆ. "ನಾನು ಹೆಸರಿನ ಜಾಗ ನೋಡ್ತಾ ಇದ್ದೆ. ಕೊನೇಗೆ ಯಾರು ಏನು ಮಾಡಿದ್ರು ಅಂತ ಖಚಿತವಾಗಿ ಹೇಳೋಕಾಗಲ್ಲ."

ಇದು ಸುಳ್ಳಲ್ಲ. ಖಚಿತವಾಗಿ ಯಾರು ತಾನೆ ಏನು ಹೇಳಬಲ್ಲರು? ಆಮೇಲೆ ಅವರು ಅಲ್ಲೊಂದು ಇಲ್ಲೊಂದು ಫ್ರೇಮು ಬದಲಿಸಿರಬಹುದು.

ಭಾವ ಎದ್ದು ನಿಂತರು. ಆ ಮನುಷ್ಯ ದನಿ ಎತ್ತಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ. "ಏನು ಹೇಳ್ತಾ ಇದ್ದೀಯ ನೀನು? ಅಕ್ಕನ ಮುಖ ನೋಡಿ ಹೇಳು." ಅಕ್ಕ ಅವರ ತೋಳು ಹಿಡಿದು ಕೂರಿಸಿದಳು.

ಕಾರ್ಯದರ್ಶಿ ಅವಳ ಕಡೆ ತಿರುಗಿದರು. "ನೀವು ಇವರನ್ನ ಏನಾದ್ರೂ ಕೇಳಬೇಕಾ ಅಮ್ಮ? ಕೇಳೋ ಹಕ್ಕು ನಿಮಗಿದೆ."

ಕೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅವಳ ಹೆಸರಿದ್ದ ಪ್ರತಿಯ ವಿಷಯ ಎತ್ತಿದ್ದರೆ ನಾನು ಉತ್ತರ ಕೊಡಬೇಕಾಗುತ್ತಿತ್ತು. ಟೀಚರಮ್ಮ ಹೊರಗೆ ಬೆಂಚಿನ ಮೇಲೇ ಕೂತಿದ್ದರು. ಒಂದು ಮಾತಿನಲ್ಲಿ ನನ್ನನ್ನು ಸುಳ್ಳುಗಾರ ಮಾಡಬಹುದಿತ್ತು, ಆಮೇಲೆ ಈ ಊರಿನಲ್ಲಿ ಯಾರೂ ನನ್ನ ಕೈಗೆ ಪಟ್ಟಿ ಕೊಡುತ್ತಿರಲಿಲ್ಲ.

"ಕೇಳೋದೇನೂ ಇಲ್ಲ," ಎಂದಳು. "ಅವನು ಅಕ್ಷರ ಬರೆಯೋನು. ದೃಶ್ಯ ನೋಡಿರಲ್ಲ."

ಆಮೇಲೆ ಕಾರ್ಯದರ್ಶಿ ಬರೆದ ಕಾಗದಕ್ಕೆ ಸಹಿ ಮಾಡಿ ದೂರು ವಾಪಸು ತೆಗೆದುಕೊಂಡಳು. ಹೊರಗೆ ಹೋಗುವಾಗ ನಾನು ಸ್ಟೂಲಿನಿಂದ ಎದ್ದೆ, ಅವಳಿಗೆ ದಾರಿ ಬೇಕಾಗಿತ್ತು. ದಾರಿ ಕೊಟ್ಟೆ.

ಅಂತೂ ಮುಗಿಯಿತು. ಆ ಗಲಾಟೆ ಬೆಳೆದಿದ್ದರೆ ಅವಳಿಗೂ ಕೆಲಸ ಸಿಗುವುದು ಕಷ್ಟವಾಗುತ್ತಿತ್ತು. ಒಂದು ರೀತಿಯಲ್ಲಿ ಅವಳಿಗೂ ಒಳ್ಳೆಯದೇ ಆಯಿತು.

ಏಪ್ರಿಲ್ 20, ಭಾನುವಾರ

ಊಟಕ್ಕೆ ಹೋಗಲಿಲ್ಲ. ಕೆಲಸ ಇತ್ತು.

ಏಪ್ರಿಲ್ 27, ಭಾನುವಾರ

ಇವತ್ತೂ.

ಮೇ 6, ಮಂಗಳವಾರ

ಹೊಸ ಚಿತ್ರದ ಹೆಸರು ಒಪ್ಪಿಗೆಯಾಯಿತು. ಅಳಿಯಂದಿರೇ ಎಡಿಟರ್. ಇವತ್ತು ಕೂತು ಮಾತಾಡಿದೆವು. ಈ ಸಲ ಹೆಸರುಗಳನ್ನು ಎಲ್ಲಿ ಹಾಕೋಣ ಎಂದು ಕೇಳಿದರು. "ಹೆಸರು ಓದುವ ಕಣ್ಣು ಬೇರೆ ಏನೂ ನೋಡುವುದಿಲ್ಲ" ಎಂದೆ. ಅವರು ಅದನ್ನು ಬರೆದುಕೊಂಡರು.

ಬೆಳಗ್ಗೆ ಹನ್ನೊಂದು ಗಂಟೆಗೆ ಅಕ್ಕನಿಗೆ ಫೋನ್ ಮಾಡಿದೆ. ಇದು ಐದನೆಯ ಸಲ. ಪ್ರತಿ ಸಲವೂ ಭಾವನೇ ಎತ್ತುತ್ತಾರೆ.

"ಮಲಗಿದ್ದಾಳೆ" ಎಂದರು.

"ಇಷ್ಟು ಹೊತ್ತಿನಲ್ಲಾ? ನೋವು ಜಾಸ್ತಿ ಆಗಿದೆಯಾ ಭಾವ?"

"ಮಾತ್ರೆ ತಗೊಂಡಿದ್ದಾಳೆ. ನಿದ್ದೆ ಬಂದಿದೆ."

ಅವರ ಹಿಂದಿನಿಂದ ಯಾವುದೋ ಹೆಂಗಸಿನ ದನಿ ಕೇಳಿಸಿತು. "ನಾನು ಆಗಲೇ ಹೇಳಿದ್ದೆ." ನಿಂತಿತು. "ನಾನು ಆಗಲೇ ಹೇಳಿದ್ದೆ." ಮತ್ತೆ ನಿಂತಿತು. ಮೂರನೆಯ ಸಲ "ನಾನು ಆಗಲೇ" ಎಂಬಲ್ಲಿಗೇ ತುಂಡಾಯಿತು, ನಡುವೆ ಕುರ್ಚಿ ಕಿರುಗುಟ್ಟಿದ ಸದ್ದು. ಇಪ್ಪತ್ತೆರಡು ವರ್ಷ ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ ಸದ್ದು ಅದು. ಯಾರದೋ ಚಿತ್ರ ಮನೆಗೇ ಬಂದಿದೆ. ಅವಳು ಕೂತು ಕೆಲಸ ಮಾಡುತ್ತಿದ್ದಾಳೆ.

ನನಗೆ ಕೇಳಿಸುತ್ತಿದೆ ಎಂದು ಭಾವನಿಗೂ ಗೊತ್ತು, ಆದರೂ ಫೋನನ್ನು ಆಚೆ ಒಯ್ಯಲಿಲ್ಲ.

"ಮಲಗ್ಲಿ ಬಿಡಿ ಭಾವ," ಎಂದೆ. "ಎಬ್ಬಿಸ್ಬೇಡಿ."